ಎಂ.ಬಿ.ಬಿ.ಎಸ್. ಓದದೆ ರಕ್ತ ಕ್ಯಾನ್ಸರ್ ಸಂಶೋಧನೆ ಮಾಡಬಹುದೇ?

ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಯುತ್ತಿದೆ, ಲ್ಯುಕೇಮಿಯಾ ಮೇಲೆ ಪಿಎಚ್.ಡಿ. ಮಾಡುವಾಸೆ, ಮನೆಯಲ್ಲಿ ಮಾತ್ರ "ಡಾಕ್ಟರ್ ಓದದವಳು ಕ್ಯಾನ್ಸರ್‌ಗೆ ಏನು ಮಾಡ್ತೀಯಾ" ಅಂತಾರೆ, ಬೆಂಗಳೂರಲ್ಲೇ ಇದ್ದು ಇದೆಲ್ಲ ಆಗುತ್ತದಾ ಎಂದು ಕೇಳಿದ್ದೀರಿ.

ಆಗುತ್ತದೆ. ನಾನೂ ಆ ಬಗೆಯ ಡಾಕ್ಟರ್ ಅಲ್ಲ. ಇದೇ ಊರಿನ ಲ್ಯಾಬೊಂದರಲ್ಲಿ ರಕ್ತದ ಕಾಂಡಕೋಶಗಳ (ಸ್ಟೆಮ್ ಸೆಲ್, ಅಂದರೆ ಎಲ್ಲ ರಕ್ತಕಣಗಳಿಗೂ ಮೂಲವಾದ ಕೋಶ) ಮೇಲೆ ಕೆಲಸ ಮಾಡುತ್ತೇನೆ. ಮದುವೆ ಮನೆಗೆ ಹೋದರೆ ನೆಂಟರು ಈಗಲೂ ಮೊಬೈಲಲ್ಲಿ ಬ್ಲಡ್ ರಿಪೋರ್ಟ್ ತೋರಿಸುತ್ತಾರೆ, ಅದಕ್ಕೆ ಮದ್ದಿಲ್ಲ.

ಮನೆಯವರಿಗೆ 1961ರಲ್ಲಿ ಟೊರಾಂಟೊದಲ್ಲಿ ನಡೆದದ್ದನ್ನು ಹೇಳಿ. ಅರ್ನೆಸ್ಟ್ ಮೆಕಲಕ್ ವೈದ್ಯ, ಜೇಮ್ಸ್ ಟಿಲ್ ಭೌತವಿಜ್ಞಾನದಿಂದ ಬಂದವರು. ವಿಕಿರಣ ಕೊಟ್ಟು ಮಜ್ಜೆಯನ್ನು ಹಾಳುಮಾಡಿದ ಇಲಿಗಳಿಗೆ ಬೇರೆ ಇಲಿಗಳ ಮೂಳೆಮಜ್ಜೆ ಚುಚ್ಚಿದರು. ಕೆಲವು ದಿನಗಳ ಮೇಲೆ ನೋಡಿದರೆ ಗುಲ್ಮದ (ಸ್ಪ್ಲೀನ್) ಮೇಲೆಲ್ಲ ಸಣ್ಣ ಸಣ್ಣ ಗಂಟು. ಚುಚ್ಚಿದ ಕೋಶಗಳು ಎಷ್ಟು ಹೆಚ್ಚೋ ಗಂಟುಗಳೂ ಅದೇ ಲೆಕ್ಕದಲ್ಲಿ ಹೆಚ್ಚು, ಸುಮಾರು 10,000 ಕೋಶಕ್ಕೆ ಒಂದು. ಹಾಗಿದ್ದರೆ ಒಂದೊಂದು ಗಂಟೂ ಒಂದೇ ಕೋಶದ ಸಂತಾನವಿರಬೇಕು! 1963ರಲ್ಲಿ ಅವರ ತಂಡ ಅದನ್ನು ಸಾಧಿಸಿಯೂ ತೋರಿಸಿತು. ರಕ್ತಕ್ಕೆ ಕಾಂಡಕೋಶವಿದೆ ಎಂಬುದು ಹೊರಬಿದ್ದದ್ದು ಹೀಗೆ, ಗಂಟು ಎಣಿಸುತ್ತಾ ಕೂತವರಿಂದ.

ಲ್ಯುಕೇಮಿಯಾಗೂ ಇದಕ್ಕೂ ಇರುವ ನಂಟು ಮುಂದೆ 1994ರಲ್ಲಿ, ಅದೇ ಊರಿನಲ್ಲಿ, ಜಾನ್ ಡಿಕ್ ಅವರ ತಂಡಕ್ಕೆ ಕಂಡಿತು. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಬಗೆಯ ರಕ್ತ ಕ್ಯಾನ್ಸರ್ ಇರುವವರ ಕೋಶಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಹಾಕಿದಾಗ ಕಾಯಿಲೆಯನ್ನು ಮತ್ತೆ ಹುಟ್ಟಿಸಬಲ್ಲವು ತೀರಾ ಕೆಲವೇ ಕೋಶಗಳು. ಅವುಗಳ ಮೈಮೇಲಿನ ಗುರುತೂ ಆರೋಗ್ಯವಂತ ಕಾಂಡಕೋಶದ್ದೇ: ಸಿಡಿ34 ಎಂಬ ಪ್ರೋಟೀನ್ ಇದೆ, ಸಿಡಿ38 ಎಂಬುದು ಇಲ್ಲ. ಕೀಮೋ ಹೆಚ್ಚಾಗಿ ಕೊಲ್ಲುವುದು ಚುರುಕಾಗಿ ಒಡೆದು ಎರಡಾಗುವ ಕೋಶಗಳನ್ನು. ಕಾಯಿಲೆ ಹುಟ್ಟಿಸುವ ಈ ಕೆಲವು ಕೋಶಗಳೋ, ಎಷ್ಟೋ ಕಾಲ ಒಡೆಯದೆ ತೆಪ್ಪಗಿರುತ್ತವೆ. ವಾಸಿಯಾಯಿತು ಅಂದುಕೊಂಡ ಕಾಯಿಲೆ ತಿರುಗಿ ಬರಲು ಇದೂ ಒಂದು ಕಾರಣ. ಇವನ್ನು ಮಾತ್ರ ಕೊಂದು, ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣ ಹುಟ್ಟಲು ಮೂಲವಾದ ಒಳ್ಳೆಯ ಕಾಂಡಕೋಶವನ್ನು ಉಳಿಸುವುದು ಹೇಗೆ? ನಮ್ಮಲ್ಲಿ ಅನೇಕರ ವೃತ್ತಿಜೀವನ ಪೂರ್ತಿ ಈ ಒಂದು ಪ್ರಶ್ನೆಯಲ್ಲೇ ಕಳೆಯುತ್ತದೆ. ನಾನು ಔಷಧ ಕಂಡುಹಿಡಿದೇ ತೀರುತ್ತೇನೆ ಎಂದು ಹೊರಡಬೇಡಿ. ಒಂದು ಬಗೆಯ ಲ್ಯುಕೇಮಿಯಾಗೆ ಕಾರಣವಾದ, ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂಬ ಕೆಟ್ಟ ವರ್ಣತಂತು ಕಂಡದ್ದು 1960ರಲ್ಲಿ, ಅದು ಮಾಡುವ ಕೆಟ್ಟ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ.

ಬೆಂಗಳೂರಲ್ಲಿ ಜಾಗಕ್ಕೇನೂ ಬರವಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಸ್ಥೆಗಳು, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ), ಎಲ್ಲ ಕಡೆ ವಿಚಾರಿಸಿ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಪೇಯಿಂಗ್ ಗೆಸ್ಟ್ ಆಗಿದ್ದರೆ ನಡೆಯುತ್ತದೆ. ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ, ಆಮೇಲೆ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸ, ಕಾಯಂ ಕೆಲಸ ಅದರಾಚೆಗೆ. ಈ ಲೆಕ್ಕ ಮನೆಯವರಿಗೂ ಮೊದಲೇ ಗೊತ್ತಿರಲಿ.

ಲ್ಯಾಬ್ ಆರಿಸುವಾಗ ಗೈಡ್ ಹೆಸರು, ಪೇಪರ್‌ಗಳ ಪಟ್ಟಿ ಎಲ್ಲರೂ ನೋಡುತ್ತಾರೆ. ನೀವು ಇನ್ನೊಂದನ್ನು ಕೇಳಿ: ರೋಗಿಗಳ ಮಜ್ಜೆ ಸ್ಯಾಂಪಲ್ ಯಾವ ಆಸ್ಪತ್ರೆಯಿಂದ ಬರುತ್ತದೆ, ಯಾರು ತರುತ್ತಾರೆ, ಎಥಿಕ್ಸ್ ಕಮಿಟಿ ಒಪ್ಪಿಗೆ ಈಗಾಗಲೇ ಇದೆಯಾ? ಆಸ್ಪತ್ರೆ ಹೊಸೂರು ರಸ್ತೆ ಕಡೆ, ಲ್ಯಾಬ್ ಹೆಬ್ಬಾಳದಾಚೆ ಎಂದಿಟ್ಟುಕೊಳ್ಳಿ. ಸೊಂಟದ ಮೂಳೆಯಿಂದ ತೆಗೆದ ಮಜ್ಜೆ ಸಂಜೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಷ್ಟೂ ಕೋಶಗಳು ಸಾಯುತ್ತವೆ. ಅದು ಬಂದ ಹೊತ್ತಿಗೆ ನೀವು ಊಟಕ್ಕೆ ಹೊರಟಿದ್ದರೂ ವಾಪಸ್ ಬಂದು ಫೈಕಾಲ್ (ಕೋಶಗಳನ್ನು ಬೇರ್ಪಡಿಸುವ ದ್ರವ) ಮೇಲೆ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಬಿಳಿ ಪದರವನ್ನು ಎತ್ತಿಕೊಳ್ಳಬೇಕು. ಅದರಲ್ಲಿ ನಿಮಗೆ ಬೇಕಾದ ಸಿಡಿ34 ಕೋಶಗಳು ಕೆಲವೊಮ್ಮೆ ಒಂದು ಪ್ರಯೋಗಕ್ಕೂ ಸಾಲವು. ಸಿಕ್ಕಿದ್ದನ್ನು ತಟ್ಟೆಯಲ್ಲಿ ಬಿತ್ತಿ, ಬೆಳೆದ ಕೋಶಗಳ ಗುಂಪುಗಳನ್ನು (ಕಾಲೊನಿ) ಎಣಿಸಲು ಎರಡು ವಾರ ಕಾಯಬೇಕು. ಇಲಿಗೆ ಹಾಕಿದರಂತೂ ತಿಂಗಳುಗಟ್ಟಲೆ. ಸ್ಯಾಂಪಲ್ ಎಲ್ಲಿಂದ ಎಂಬ ಪ್ರಶ್ನೆಗೆ ತಡವರಿಸುವ ಲ್ಯಾಬಿನಲ್ಲಿ, ಅದಕ್ಕೆ ಎಷ್ಟೇ ಹೆಸರಿರಲಿ, ನಿಮ್ಮ ಮೊದಲೆರಡು ವರ್ಷ ಕಾಗದಪತ್ರಕ್ಕೇ ಹೋಗಬಹುದು.

ಫ್ಲೋ ಸೈಟೊಮೆಟ್ರಿ (ಲೇಸರ್ ಹಾಯಿಸಿ ಕೋಶಗಳ ಗುರುತು ಪತ್ತೆಮಾಡುವ ವಿಧಾನ) ಬರದಿದ್ದರೆ ಚಿಂತೆಯಿಲ್ಲ, ಸೇರಿದ ಮೇಲೆ ಯಾರಾದರೂ ಸೀನಿಯರ್ ಕಲಿಸುತ್ತಾರೆ. ಸಂಖ್ಯಾಶಾಸ್ತ್ರ ಮತ್ತು ಒಂದಿಷ್ಟು ಪೈಥಾನ್ ಪ್ರೋಗ್ರಾಮಿಂಗ್ ಮಾತ್ರ ಎಂ.ಎಸ್ಸಿ. ರಿಸಲ್ಟ್ ಬರುವುದರೊಳಗೆ ಕಲಿತುಬಿಡಿ.