ತೆರಿಗೆ ಬಾಕಿಯ ಹರಾಜಿಗೆ ಹೋಗುವ ಮೊದಲು

ನೀವು ಅರಸೀಕೆರೆಯವರೆಂದು ತಿಳಿದು ಸಂತೋಷವಾಯಿತು, ನಮ್ಮದು ತಿಪಟೂರು. ನ್ಯೂಜೆರ್ಸಿಗೆ ಬಂದು ವರ್ಷವಾಗುತ್ತಾ ಬಂತು, ಕೈಯಲ್ಲಿ ಮೂರು ಸಾವಿರ ಡಾಲರ್ ಉಳಿದಿದೆ, ಟ್ಯಾಕ್ಸ್ ಲೀನ್ (ತೆರಿಗೆ ಬಾಕಿಗಾಗಿ ಆಸ್ತಿಯ ಮೇಲಿರುವ ಹಕ್ಕು) ಕೊಂಡರೆ ಶೇ. 18 ಬಡ್ಡಿ, ಅದೃಷ್ಟವಿದ್ದರೆ ಮನೆಯೇ ಕೈಗೆ ಬರುತ್ತದಂತೆ, ನಿಜವೇ ಎಂದು ಕೇಳಿದ್ದೀರಿ. ಕಾರು, ಕ್ರೆಡಿಟ್ ಸ್ಕೋರ್ ಬಗ್ಗೆಯೂ ಕೇಳಿದ್ದೀರಿ. ಕಾರು ಹಳೆಯದನ್ನೇ ಕೊಳ್ಳಿ, ಕಾರ್ಡಿನ ಬಾಕಿಯನ್ನು ತಿಂಗಳು ತಿಂಗಳು ಪೂರ್ತಿ ತೀರಿಸಿ. ಸದ್ಯಕ್ಕೆ ಅಷ್ಟು ಸಾಕು.

ಲೀನ್ ವಿಷಯಕ್ಕೆ ಬರೋಣ. ಮನೆಯವರು ಆಸ್ತಿ ತೆರಿಗೆ ಕಟ್ಟದಿದ್ದರೆ ಟೌನ್‌ಶಿಪ್, ಅಂದರೆ ನಮ್ಮ ಪುರಸಭೆಯಂಥ ಸ್ಥಳೀಯ ಆಡಳಿತ, ಆ ಬಾಕಿಯನ್ನು ಹರಾಜಿಗಿಡುತ್ತದೆ. ಬಾಕಿಯನ್ನು ನೀವು ಕಟ್ಟುತ್ತೀರಿ, ಅವರು ಬಡ್ಡಿ ಸೇರಿಸಿ ತೀರಿಸುತ್ತಾರೆ. ಶೇ. 18 ಎಂಬುದು ಆರಂಭದ ಕೂಗು ಮಾತ್ರ. ಚೀಟಿಯ ಹರಾಜಿನಲ್ಲಿ ಮೊತ್ತ ಇಳಿಯುವ ಹಾಗೆ ಇಲ್ಲಿ ಬಡ್ಡಿ ಇಳಿಯುತ್ತದೆ. ಒಳ್ಳೆಯ ಮನೆಯಾದರೆ ಸೊನ್ನೆಗೇ ಬಂದು, ಅದರ ಮೇಲೆ ಪ್ರೀಮಿಯಂ (ಬಾಕಿಗಿಂತ ಹೆಚ್ಚಾಗಿ ಕೂಗುವ ಹಣ) ಬೇರೆ ಏರುತ್ತದೆ, ಪ್ರೀಮಿಯಂಗೆ ಬಡ್ಡಿಯಿಲ್ಲ. ಮುಂದಿನ ಕಂತುಗಳೂ ಬಾಕಿಯಾದರೆ ಅವನ್ನೂ ತಾವೇ ಕಟ್ಟಿ, ಅದರ ಬಡ್ಡಿಯಲ್ಲಿ ಲಾಭ ತೆಗೆಯುವುದು ದೊಡ್ಡ ಕಂಪನಿಗಳ ಲೆಕ್ಕ. ಒಂದು ಮನೆಯ ತೆರಿಗೆ ವರ್ಷಕ್ಕೆ ಸರಾಸರಿ ಹತ್ತು ಸಾವಿರ ಡಾಲರ್ ಇರುವ ಈ ರಾಜ್ಯದಲ್ಲಿ ಮೂರು ಸಾವಿರದವರು ಆ ಆಟ ಆಡಲಾಗದು.

ನಿಮ್ಮ ಹಣಕ್ಕೆ ಉಳಿಯುವುದು ಚಿಕ್ಕ ಬಾಕಿಗಳು. ಹರಾಜಿನ ಪಟ್ಟಿಯಲ್ಲಿ ಬ್ಲಾಕ್ ಸಂಖ್ಯೆ, ಲಾಟ್ ಸಂಖ್ಯೆ, ಹೆಸರು, ಮೊತ್ತ ಇಷ್ಟೇ ಇರುತ್ತದೆ. ಅಂಥದೊಂದು ಲಾಟ್ ಹುಡುಕಿಕೊಂಡು ಹೋಗಿ ನೋಡಿದ್ದೇನೆ: ಎರಡು ಗ್ಯಾರೇಜುಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನುಸುಳುವಷ್ಟು ಜಾಗ, ಮಧ್ಯದಲ್ಲಿ ಮಳೆನೀರಿನ ಮೋರಿಯ ಕಬ್ಬಿಣದ ಜಾಲರಿ. ಅದರ ತೆರಿಗೆಯನ್ನು ಯಾರೂ ಬಂದು ತೀರಿಸುವುದಿಲ್ಲ. ಪಹಣಿ, ಇ.ಸಿ. ನೋಡದೆ ಮುಂಗಡ ಕೊಡದ ಊರಿನವರು ನೀವು. ಇಲ್ಲಿಯೂ ಸ್ಥಳ ನೋಡದೆ ಕೂಗಬೇಡಿ.

ಫ್ಲಾರಿಡಾದ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಹರಾಜು ಆನ್‌ಲೈನ್‌ನಲ್ಲೇ ನಡೆಯುತ್ತದೆ, ಜೂನ್ 1ರ ಹೊತ್ತಿಗೆ. ಅಲ್ಲಿ ಕೆಲವು ನೂರು ಡಾಲರಿನ ಲೀನ್ ಪ್ರಮಾಣಪತ್ರಗಳೂ ಸಿಗುತ್ತವೆ. ಸೊನ್ನೆಗೆ ಕೂಗದಿದ್ದರೆ, ಮಾಲೀಕರು ತೀರಿಸಿದಾಗ ಕನಿಷ್ಠ ಶೇ. 5 ಬರುತ್ತದೆ. ಕಲಿಯಲು ಅದು ಸಾಕು. ಆದರೆ ಅವರು ತೀರಿಸುವವರೆಗೆ ಹಣ ನಿಮ್ಮದಲ್ಲ. ಊರಿಂದ ಫೋನ್ ಬಂದರೆ ಮರುದಿನ ವಿಮಾನ ಹತ್ತುವಷ್ಟನ್ನು ಬ್ಯಾಂಕಿನಲ್ಲೇ ಬಿಟ್ಟಿರಿ.

ಇನ್ನು ‘ಮನೆಯೇ ಸಿಗುತ್ತದೆ’ ಎಂಬ ಮಾತು. ಬಾಕಿ ತೀರದೇ ಹೋದರೆ ಮನೆ ಲೀನ್ ಕೊಂಡವರ ಪಾಲಾಗಬಹುದು ಎಂಬುದು ಅದರ ಅರ್ಥ. ಮನೆ ಸಾಲವಿದ್ದವರ ತೆರಿಗೆಯನ್ನು ಸಾಮಾನ್ಯವಾಗಿ ಬ್ಯಾಂಕೇ ಕಟ್ಟುತ್ತದೆ. ಹಾಗಾಗಿ ಸಾಲವೆಲ್ಲ ತೀರಿಸಿ ಒಂಟಿಯಾಗಿ ಉಳಿದ ವೃದ್ಧರೇ ಎಷ್ಟೋ ಸಲ ಇದರಲ್ಲಿ ಸಿಕ್ಕಿಬೀಳುತ್ತಾರೆ. ನಾನು ಬಂದ ಹೊಸತರಲ್ಲಿ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದವರು ಇಟಾಲಿಯನ್ ಮೂಲದ ಒಬ್ಬ ಅಜ್ಜಿ. ಮೊದಲ ಚಳಿಗಾಲದಲ್ಲಿ ನನ್ನ ತೆಳು ಸ್ವೆಟರ್ ನೋಡಿ, ತೀರಿಹೋದ ಗಂಡನ ಕೋಟು ತೆಗೆದುಕೊಟ್ಟರು. ಲೆಕ್ಕಪತ್ರವೆಲ್ಲ ಅವರ ಗಂಡನೇ ನೋಡುತ್ತಿದ್ದರಂತೆ. ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಕೆಳಗೆ ಟೌನ್‌ಶಿಪ್‌ನ ಲಕೋಟೆಗಳು ಒಡೆಯದೆ ಬಿದ್ದಿರುತ್ತಿದ್ದವು. ನಾನು ಕೆಲಸಕ್ಕೆಂದು ಬೇರೆ ಊರಿಗೆ ಹೋದೆ. ಮುಂದೊಮ್ಮೆ ಬಂದು ನೋಡಿದಾಗ ಮನೆ ಲೀನ್ ಕೊಂಡವರ ಪಾಲಾಗಿತ್ತು. ಅಜ್ಜಿ ಎಲ್ಲಿಗೆ ಹೋದರೆಂದು ನೆರೆಯವರಿಗೂ ಗೊತ್ತಿರಲಿಲ್ಲ. ಆ ಲಕೋಟೆಗಳು ಏನೆಂದು ಆಗ ನನಗೆ ತಿಳಿದಿದ್ದರೆ, ಅವರನ್ನು ಟೌನ್‌ಶಿಪ್ ಕಚೇರಿಗೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಆ ಕೊರಗು ಇಂದಿಗೂ ಹೋಗಿಲ್ಲ.

ಈಗ ಕಾನೂನು ಬದಲಾಗಿದೆ. ಮಿನ್ನೆಸೋಟದಲ್ಲಿ ಜೆರಾಲ್ಡಿನ್ ಟೈಲರ್ ಎಂಬ ವೃದ್ಧೆಯ ಸುಮಾರು 15,000 ಡಾಲರ್ ಬಾಕಿಗಾಗಿ ಕೌಂಟಿಯು ಅವರ ಮನೆಯನ್ನು 40,000ಕ್ಕೆ ಮಾರಿ, ಮಿಕ್ಕಿದ್ದನ್ನೂ ತಾನೇ ಇಟ್ಟುಕೊಂಡಿತ್ತು. ಅದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಒಮ್ಮತದಿಂದ ಹೇಳಿತು. ಮರುವರ್ಷ ನ್ಯೂಜೆರ್ಸಿಯೂ ತನ್ನ ಕಾಯ್ದೆ ತಿದ್ದಿ, ಬಾಕಿ ಕಳೆದು ಉಳಿದ ಹಣ ಮಾಲೀಕರಿಗೆ ಸೇರಲು ದಾರಿ ಮಾಡಿತು. ನನಗೆ ಇದು ಬಹಳ ಸಮಾಧಾನ ತಂದ ಸುದ್ದಿ. ಹಾಗಾಗಿ ಅಗ್ಗದ ಮನೆಯ ಆಸೆ ಬಿಡಿ, ನ್ಯಾಯವಾದ ಬಡ್ಡಿಯನ್ನಷ್ಟೇ ನಿರೀಕ್ಷಿಸಿ.

ನಿಮ್ಮ ಟೌನ್‌ಶಿಪ್‌ನ ಪಟ್ಟಿ ಪ್ರಕಟವಾದಾಗ ನನಗೆ ಕಳುಹಿಸಿ. ಒಂದು ಶನಿವಾರ ನಿಮ್ಮ ಜೊತೆ ಬಂದು ಆ ಜಾಗಗಳನ್ನು ತೋರಿಸುತ್ತೇನೆ.