ಔಷಧಿ ಹೊಡೆಸಿ ಹನ್ನೆರಡು ದಿನಕ್ಕೆ ಮತ್ತೆ ಚಿಗಟ: ಬೇರೆಯವರನ್ನು ಕರೆಸಲೇ?

ಬೇಡ. ಇನ್ನೊಬ್ಬರಿಗೆ ಫೋನ್ ಮಾಡುವ ಮುಂಚೆ ದಯವಿಟ್ಟು ಇದನ್ನೊಮ್ಮೆ ಓದಿ. ಮನೆಗೂ ಅಂಗಳಕ್ಕೂ ಚಿಗಟ, ಉಣುಗಿನ ಔಷಧಿ ಹೊಡೆಸಿದ್ದಾಯಿತು, ಹನ್ನೆರಡನೇ ದಿನ ಮತ್ತೆ ಹಾರುತ್ತಿವೆ, ಬಂದವರು ಮೋಸ ಮಾಡಿದರು ಅಂತ ಬರೆದಿದ್ದೀರಿ. ಈ ಮಾತನ್ನು ನಾನು ಔಷಧಿ ಹೊಡೆದವರ ಮುಖಕ್ಕೇ ಹೇಳಿದ್ದೆ. ತಪ್ಪು ನನ್ನದಾಗಿತ್ತು.

ನಮ್ಮಲ್ಲಿ ಒಂದು ನಾಯಿ, ಒಂದು ಬೆಕ್ಕು. ನಾಯಿ ಬಾಲದ ಬುಡವನ್ನು ಕಚ್ಚಿ ಕಚ್ಚಿ ರೋಮ ಉದುರಿಸಿಕೊಂಡಿತ್ತು. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿದರೆ ಕಪ್ಪು ಪುಡಿ ಬೀಳುತ್ತಿತ್ತು. ಮಣ್ಣಿರಬೇಕು ಅಂದುಕೊಂಡಿದ್ದೆ. ಪಶುವೈದ್ಯರು ಅದನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿದರು. ಒಂದೊಂದು ಕಣದ ಸುತ್ತಲೂ ಕಂದುಗೆಂಪು ಬಣ್ಣ ಹರಡಿತು. ಅದು ಚಿಗಟದ ಹಿಕ್ಕೆ, ನಾಯಿಯ ರಕ್ತವೇ. ನಾಯಿಗೂ ಬೆಕ್ಕಿಗೂ ಬೇರೆಬೇರೆ ಔಷಧಿ ಕೊಟ್ಟು, ಮನೆಯನ್ನೂ ನೋಡಿಕೊಳ್ಳಿ ಅಂದರು. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದೆ.

ಬಂದವರು ಒಳ್ಳೆಯ ಕೆಲಸಗಾರರು ಅಂತ ಈಗ ಗೊತ್ತಾಗುತ್ತದೆ. ಸೋಫಾ ಎಳೆದು ಅದರ ಕೆಳಗೆ, ಮಂಚದಡಿ, ಗೋಡೆಯ ಅಂಚಿಗೆ, ನಾಯಿ ಮಲಗುವ ಜಾಗದ ಸುತ್ತ ಹೊಡೆದರು. ಹೋಗುವಾಗ ಬಾಗಿಲಲ್ಲಿ ನಿಂತು, "ಮೂರು ವಾರ ಆ ಜಾಗ ನೀರು ಹಾಕಿ ಒರೆಸಬೇಡಿ. ನಡುವೆ ಚಿಗಟ ಕಾಣಿಸುತ್ತೆ, ಗಾಬರಿಯಾಗಬೇಡಿ. ದಿನಾ ವ್ಯಾಕ್ಯೂಮ್ ಮಾತ್ರ ಹಾಕಿ" ಅಂದರು. ಹೂಂ ಅಂದೆ. ಬೆಕ್ಕು ಹೊರಗೆ ಹೋಗದಂತೆ ಬಾಗಿಲು ಹಿಡಿಯುವುದರಲ್ಲಿ ನನ್ನ ಗಮನವಿತ್ತು.

ಹನ್ನೆರಡನೇ ದಿನ ಬೆಳಿಗ್ಗೆ ಹಾಲ್‌ನಲ್ಲಿ ನಡೆದು ಬಂದೆ. ಬಿಳಿ ಕಾಲುಚೀಲದ ಮೇಲೆ ಏಳು ಚುಕ್ಕೆ, ಏಳೂ ಹಾರಿದವು. ಸಿಟ್ಟು ನೆತ್ತಿಗೇರಿತು. ಔಷಧಿಯಲ್ಲಿ ಬರೀ ನೀರಿತ್ತು ಅಂತ ತೀರ್ಮಾನಿಸಿ ಬಕೆಟ್ ಹಿಡಿದು ಕೂತೆ. ಸೋಪು ನೀರಿನಲ್ಲಿ ಮನೆಯನ್ನೆಲ್ಲ ತಿಕ್ಕಿದೆ. ಗೋಡೆಯಂಚು ಬಿಡಲಿಲ್ಲ, ಸೋಫಾದಡಿ ಬಿಡಲಿಲ್ಲ. ಕಾರ್ಪೆಟ್ಟನ್ನು ಒಗೆದು ಹಾಕಿದೆ. ಸಂಜೆ ಅವರಿಗೆ ಬೈದೆ, ಮಾರನೇ ದಿನ ಬೇರೆಯವರನ್ನು ಗೊತ್ತುಮಾಡಿದೆ.

ಆ ಬಕೆಟ್ ನೀರಿನಲ್ಲಿ ಹೋದದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಈಗ ಅಲ್ಲೇ ನಿಂತಿದ್ದೀರಿ. ಕಣ್ಣಿಗೆ ಕಾಣುವ ಚಿಗಟ ಇಡೀ ಸಂತಾನದಲ್ಲಿ ಚಿಕ್ಕ ಪಾಲು. ಒಂದು ಹೆಣ್ಣು ದಿನಕ್ಕೆ 40ರವರೆಗೂ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಅಂಟಿಲ್ಲ, ನಾಯಿಯ ಮೈಯಿಂದ ಜಾರಿ ಅದು ಮಲಗಿದಲ್ಲೆಲ್ಲ ಉದುರುತ್ತದೆ. ಒಡೆದು ಬಂದ ಮರಿಹುಳು ಬೆಳಕಿಗೆ ಹೆದರಿ ಕಾರ್ಪೆಟ್ಟಿನ ಬುಡಕ್ಕೆ ಇಳಿದು ಆ ಕಪ್ಪು ಹಿಕ್ಕೆಯನ್ನೇ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟಿಕೊಳ್ಳುತ್ತದೆ. ಗೂಡು ಅಂಟಂಟು, ಮೇಲೆಲ್ಲ ದೂಳು ಮೆತ್ತಿಕೊಂಡಿರುತ್ತದೆ, ಅದರೊಳಗೆ ಯಾವ ಸ್ಪ್ರೇಯೂ ಸರಿಯಾಗಿ ಇಳಿಯುವುದಿಲ್ಲ. ಒಳಗಿನ ಹುಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತದೆ. ನಮ್ಮ ಹೆಜ್ಜೆಯ ಅದುರು, ಮೈಯ ಶಾಖ, ಉಸಿರು ತಾಗಿದಾಗ ಹೊರಗೆ ಹಾರುತ್ತದೆ. ನನ್ನ ಕಾಲುಚೀಲದ ಆ ಏಳು ಹೀಗೆ ಹೊಸದಾಗಿ ಹೊರಬಂದವು. ನೆಲದಲ್ಲಿ ಒಣಗಿ ಕೂತ ಔಷಧಿ ಕಾಯುತ್ತಿದ್ದದ್ದು ಇವುಗಳಿಗೇ. ಅದರ ಜೊತೆ ಮೊಟ್ಟೆ, ಮರಿ ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್ ಕೂಡ ಬೆರೆಸಿದ್ದರಂತೆ. ಎರಡನ್ನೂ ನಾನೇ ತೊಳೆದು ಚರಂಡಿಗೆ ಬಿಟ್ಟಿದ್ದೆ. ಇನ್ನೆರಡು ವಾರ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು; ಮೂರು ತಿಂಗಳು ಎಳೆಯಿತು. ಅಷ್ಟೂ ದಿನ ಆ ಮೂಕಪ್ರಾಣಿ ಮೈ ಕೆರೆದುಕೊಂಡಿತು. ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೆ.

ವ್ಯಾಕ್ಯೂಮ್ ಹಾಕಿ ಅಂದದ್ದಕ್ಕೂ ಕಾರಣವಿದೆ. ಅದರ ಅದುರಿಗೆ ಗೂಡಿನೊಳಗಿನವು ಎಚ್ಚೆತ್ತು ಹೊರಬರುತ್ತವೆ, ಔಷಧಿಗೆ ಸಿಗುತ್ತವೆ. ತುಂಬಿದ ಚೀಲವನ್ನು ಕಟ್ಟಿ ಹೊರಗೆ ಎಸೆಯಿರಿ.

ಯಾರನ್ನು ಕರೆಸಬೇಕು ಅನ್ನುವುದೇ ನಿಮ್ಮ ಪ್ರಶ್ನೆ. ನನ್ನ ಪ್ರಕಾರ ಮೊದಲು ನಾಯಿಗೆ, ಆಮೇಲೆ ಮನೆಗೆ, ಕೊನೆಗೆ ಅಂಗಳಕ್ಕೆ. ಪ್ರಾಣಿಯ ಮೈಮೇಲೆ ಔಷಧಿ ಇಲ್ಲದಿದ್ದರೆ ಎಂಥ ಕಂಪನಿ ಬಂದರೂ ವ್ಯರ್ಥ. ಬರುವವರು ಏನು ಕೇಳುತ್ತಾರೆ ನೋಡಿ. ನನ್ನ ಎರಡನೇ ಕಂಪನಿಯವರು "ಒಂದೇ ಸಲಕ್ಕೆ ಗ್ಯಾರಂಟಿ" ಅಂದರು, ಮನೆಯಲ್ಲಿ ಬೆಕ್ಕಿದೆಯೇ ಅಂತ ಕೇಳಲಿಲ್ಲ. ಪರ್ಮೆಥ್ರಿನ್ ಅನ್ನುವ ಕೀಟನಾಶಕ ಬೆಕ್ಕಿಗೆ ವಿಷ, ಅದರ ದೇಹ ಅದನ್ನು ನಾಯಿಯಂತೆ ಕರಗಿಸಲಾರದು. ಡಬ್ಬಿಯ ಮೇಲೆ ಆ ಹೆಸರು ಓದಿ ನಾನು ಅವರನ್ನು ಬಾಗಿಲಿನಿಂದಲೇ ಕಳಿಸಿದೆ. ಮೀನಿನ ತೊಟ್ಟಿಯಿದ್ದರೂ ಮೊದಲೇ ಹೇಳಿ. ಅದನ್ನು ಮುಚ್ಚಿ, ಗಾಳಿಯ ಪಂಪು ನಿಲ್ಲಿಸಬೇಕು. ಔಷಧಿಯ ಹೆಸರು ಹೇಳದವರು, ಎರಡನೇ ಸಲ ಬರುವ ಮಾತೇ ಎತ್ತದವರು ಬೇಡವೇ ಬೇಡ.

ಅಂಗಳಕ್ಕೆಲ್ಲ ಹೊಡೆಸಿದ್ದು ನನಗೆ ಇಷ್ಟವಾಗಲಿಲ್ಲ. ಬಿಸಿಲು ಬೀಳುವ ಹುಲ್ಲಿನಲ್ಲಿ ಚಿಗಟದ ಮರಿ ಒಣಗಿ ಸಾಯುತ್ತದೆ. ಅವು ಇರುವುದು ನೆರಳಲ್ಲಿ: ಪೊದೆಯಡಿ, ಎಲೆ ಕೊಳೆಯುವ ಕಡೆ, ನಾಯಿ ತೋಡಿದ ಗುಂಡಿಯಲ್ಲಿ. ಉಣುಗಿಗೂ ತೇವ, ನೆರಳು ಬೇಕು. ಅದು ಹಾರುವುದಿಲ್ಲ, ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕಾಯುತ್ತದೆ. ಎಲೆ ಗುಡಿಸಿ, ಹುಲ್ಲು ಕತ್ತರಿಸಿ, ಅಂಥ ಜಾಗಕ್ಕೆ ಮಾತ್ರ ಹೊಡೆಸಿ. ಹೂಬಿಟ್ಟ ಗಿಡಕ್ಕೆ ಹೊಡೆಯಲು ಬಿಡಬೇಡಿ, ಜೇನುನೊಣ ಸಾಯುತ್ತವೆ. ಉಣುಗು ಒಳಗೋಡೆ ಹತ್ತುತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಅದು ಕಂದು ನಾಯಿ ಉಣುಗು ಇರಬಹುದು, ಮನೆಯೊಳಗೇ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಬೆಳೆಯುತ್ತದೆ. ಚೌಕಟ್ಟಿನ ಸಂದಿಗೂ ಹೊಡೆಯಲು ಹೇಳಿ.

ಇವತ್ತಿನಿಂದ ದಿನಾ ಸಂಜೆ ಬಿಳಿ ಕಾಲುಚೀಲ ಹಾಕಿಕೊಂಡು ಎಲ್ಲಾ ಕೋಣೆಗಳಲ್ಲೂ ಓಡಾಡಿ, ಎಷ್ಟು ಹತ್ತಿದವು ಅಂತ ತಾರೀಖಿನ ಜೊತೆ ಬರೆದಿಡಿ. ನಾಲ್ಕನೇ ವಾರವೂ ಸಂಖ್ಯೆ ಇಳಿಯದಿದ್ದರೆ ಅದೇ ಚೀಟಿ ತೋರಿಸಿ ಮೊದಲಿನವರನ್ನೇ ವಾಪಸ್ ಕರೆಸಿ. ಬಕೆಟ್ ಮಾತ್ರ ಮುಟ್ಟಬೇಡಿ.