ತೋಟಕ್ಕೆ ಬಂದ ಬಿಳಿ ತಲೆಯ ಪುಟ್ಟ ಹಕ್ಕಿ ಯಾವುದು?

ಪ್ರಶ್ನೆ: ನಮ್ಮ ಕೈತೋಟಕ್ಕೆ ಇತ್ತೀಚೆಗೆ ಒಂದು ವಿಚಿತ್ರ ಹಕ್ಕಿ ಬರುತ್ತಿದೆ. ಗುಬ್ಬಚ್ಚಿಯಷ್ಟೇ ಗಾತ್ರ. ತಲೆ ಪೂರ್ತಿ ಬಿಳಿ, ಎರಡೂ ರೆಕ್ಕೆಯಲ್ಲಿ ಕೆಲವು ಬಿಳಿ ಗರಿಗಳಿವೆ, ಬೆನ್ನು ಕಂದು. ಗುಬ್ಬಚ್ಚಿಗಳ ಗುಂಪಿನ ಜೊತೆಗೇ ಬಂದು ಹೋಗುತ್ತದೆ. ಹಕ್ಕಿಗಳ ಪುಸ್ತಕ ಪೂರ್ತಿ ಹುಡುಕಿದರೂ ಇಂಥದ್ದು ಸಿಗಲಿಲ್ಲ. ಫೋಟೊ ಕಳಿಸಿದ್ದೇನೆ. ಇದು ಅಲ್ಬಿನೊ ಹಕ್ಕಿಯೇ? ಏನಾದರೂ ಕಾಯಿಲೆಯೇ? ಹಿಡಿದು ಆರೈಕೆ ಮಾಡಬೇಕೇ?

ಉತ್ತರ: ಪುಸ್ತಕದಲ್ಲಿ ಸಿಗದಿದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಫೋಟೊದಲ್ಲಿರುವುದು ಮಾಮೂಲಿ ಗುಬ್ಬಚ್ಚಿಯೇ. ಅದೂ ಗಂಡು.

ಬಣ್ಣ ಕೆಟ್ಟಿರುವ ಹಕ್ಕಿಯನ್ನು ಗುರುತಿಸುವಾಗ ಬಣ್ಣವನ್ನು ಸ್ವಲ್ಪ ಹೊತ್ತು ಮರೆತುಬಿಡಬೇಕು. ಕೊಕ್ಕು ನೋಡಿ: ಗಿಡ್ಡ, ದಪ್ಪ, ಕಾಳು ಒಡೆಯುವ ಕೊಕ್ಕು. ಬೆನ್ನಿನ ಕಂದು ಬಣ್ಣದ ಮೇಲೆ ಕಪ್ಪು ಗೆರೆಗಳಿವೆ. ಫೋಟೊ ದೊಡ್ಡದು ಮಾಡಿದರೆ ಗಂಟಲ ಕೆಳಗೆ ಕಪ್ಪು ಮಚ್ಚೆಯ ಚೂರು ಉಳಿದಿರುವುದು ಕಾಣುತ್ತದೆ. ಅದು ಇರುವುದು ಗಂಡು ಗುಬ್ಬಚ್ಚಿಗೆ ಮಾತ್ರ. ಇಷ್ಟರ ಮೇಲೆ ಅದರ ಜೊತೆಗಾರರು ಯಾರು ಅಂತ ನೀವೇ ಹೇಳಿದ್ದೀರಿ. ನನಗೆ ಅರ್ಧ ಉತ್ತರ ಸಿಕ್ಕಿದ್ದೇ ಅಲ್ಲಿ.

ಈಗ ಅಲ್ಬಿನೊ ವಿಷಯ. ಬಿಳಿ ಕಂಡ ಕೂಡಲೇ ಎಲ್ಲರೂ ಹೇಳುವುದು ಇದನ್ನೇ, ಹೆಚ್ಚಿನ ಸಲ ಅದು ಆಗಿರುವುದಿಲ್ಲ. ಕಪ್ಪು, ಬೂದು, ಕಂದು ಬಣ್ಣಗಳು ಬರುವುದು ಮೆಲನಿನ್‌ನಿಂದ. ಅಲ್ಬಿನೊ ಹಕ್ಕಿಯ ಮೈಯಲ್ಲಿ ಮೆಲನಿನ್ ಎಲ್ಲೂ ಇರುವುದಿಲ್ಲ, ಕಣ್ಣಲ್ಲೂ ಇಲ್ಲ. ಹಾಗಾಗಿ ಕಣ್ಣಿನ ಒಳಗಿನ ರಕ್ತನಾಳಗಳೇ ಕಂಡು ಕಣ್ಣು ಕೆಂಪಾಗಿರುತ್ತದೆ. ನಿಮ್ಮ ಹಕ್ಕಿಯ ಕಣ್ಣು ಕಪ್ಪಗಿದೆ, ಬೆನ್ನಿನ ಬಣ್ಣ ಹಾಗೇ ಇದೆ. ಅಲ್ಲಿಗೆ ಆ ಮಾತು ಮುಗಿಯಿತು. 'ಅರ್ಧ ಅಲ್ಬಿನೊ' ಅಂತ ಕೆಲವರು ಹೇಳುತ್ತಾರೆ, ಹಾಗೊಂದು ಇಲ್ಲವೇ ಇಲ್ಲ. ನಿಜವಾದ ಅಲ್ಬಿನೊಗೆ ದೃಷ್ಟಿ ತುಂಬಾ ಮಂದ, ಬೆಳಕು ತಡೆಯುವುದಿಲ್ಲ. ಬಿಳಿ ಬಣ್ಣ ಬೇಟೆಗಾರ ಹಕ್ಕಿಯ ಕಣ್ಣಿಗೆ ಬೀಳುವುದಕ್ಕಿಂತ ಈ ಮಂದ ದೃಷ್ಟಿಯೇ ಅದಕ್ಕೆ ದೊಡ್ಡ ತೊಂದರೆ. ಬಹಳಷ್ಟು ಚಿಕ್ಕ ವಯಸ್ಸಿನಲ್ಲೇ ಸಾಯುತ್ತವೆ. ಬೆಳೆದ ಬಿಳಿ ಹಕ್ಕಿಯೊಂದು ಆರಾಮಾಗಿ ಹಾರಾಡಿಕೊಂಡಿದ್ದರೆ ಅದು ಬಹುಶಃ ಅಲ್ಬಿನೊ ಅಲ್ಲ.

ಹಾಗಾದರೆ ಈ ಬಿಳಿ ಎಲ್ಲಿಂದ ಬಂತು? ಎರಡು ದಾರಿಗಳಿವೆ. ಒಂದು ಲ್ಯೂಸಿಸಂ. ಬಣ್ಣ ತುಂಬುವ ಜೀವಕೋಶಗಳು ಚರ್ಮದ ಕೆಲವು ಭಾಗಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಅಲ್ಲಿ ಬೆಳೆಯುವ ಗರಿ ಯಾವಾಗಲೂ ಬಿಳಿ. ಇದು ವಂಶದಲ್ಲಿ ಬರುವಂಥದ್ದು. ಇನ್ನೊಂದು, ಆ ಜೀವಕೋಶಗಳು ಹುಟ್ಟುವಾಗ ಇದ್ದು ಆಮೇಲೆ ಒಂದೊಂದಾಗಿ ಇಲ್ಲವಾಗುವುದು. ನಮ್ಮ ಕೂದಲು ನರೆತ ಹಾಗೆ. ಹಕ್ಕಿಗಳಲ್ಲಿ ಬಿಳಿ ಗರಿಗೆ ಇದೇ ಜಾಸ್ತಿ ಸಾಮಾನ್ಯ ಕಾರಣ, ಗುಬ್ಬಚ್ಚಿಯಲ್ಲಂತೂ ಆಗಾಗ ಕಾಣುತ್ತದೆ. ನಿಮ್ಮದರಲ್ಲಿ ಎಡಬಲ ರೆಕ್ಕೆಯ ಬಿಳಿ ಗರಿಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿವೆ. ಅದಕ್ಕೇ ನನ್ನ ಮನಸ್ಸು ಲ್ಯೂಸಿಸಂ ಕಡೆಗೆ ವಾಲುತ್ತದೆ. ನರೆಯುವ ಹಕ್ಕಿಯಲ್ಲಿ ಮೊದಮೊದಲು ಬಿಳಿ ಗರಿಗಳು ಅಡ್ಡಾದಿಡ್ಡಿ ಚದುರಿರುತ್ತವೆ.

ಒಂದು ಫೋಟೊದಿಂದ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಆದರೆ ನೀವೇ ಪತ್ತೆ ಮಾಡಬಹುದು. ಬೆಳೆದ ಗರಿ ನಮ್ಮ ಉಗುರಿನಂತೆ ಜೀವವಿಲ್ಲದ ವಸ್ತು, ನಡುವೆ ಬಣ್ಣ ಬದಲಾಗಿ ಬಿಳಿಯಾಗುವುದಿಲ್ಲ. ಗುಬ್ಬಚ್ಚಿ ವರ್ಷಕ್ಕೊಮ್ಮೆ, ಮರಿ ಮಾಡುವ ಕಾಲ ಮುಗಿದ ಮೇಲೆ, ಎಲ್ಲ ಗರಿಗಳನ್ನೂ ಬದಲಾಯಿಸುತ್ತದೆ. ಆಗ ಇನ್ನೊಂದು ಫೋಟೊ ತೆಗೆಯಿರಿ. ಬಿಳಿ ಭಾಗ ಅಷ್ಟೇ ಇದ್ದರೆ ಲ್ಯೂಸಿಸಂ. ಜಾಸ್ತಿಯಾಗಿದ್ದರೆ ನರೆಯುತ್ತಿದೆ. ಬಿಳಿ ಕಡಿಮೆಯಾಗಿ ಕಂದು ಮರಳಿದ್ದರೆ, ಹಳೆ ಗರಿ ಬೆಳೆಯುವಾಗ ಆಹಾರದ ಕೊರತೆ ಇದ್ದಿರಬಹುದು.

ಸುಮ್ನೆ ಹಿಡಿಯಲು ಹೋಗಬೇಡಿ. ಅದಕ್ಕೆ ಆರೈಕೆ ಬೇಕಿಲ್ಲ, ಬೇರೆ ಹಕ್ಕಿಗೆ ಅಂಟುವ ಭಯವೂ ಇಲ್ಲ. ಮೆಲನಿನ್ ಗರಿಗೆ ಗಟ್ಟಿತನವನ್ನೂ ಕೊಡುವುದರಿಂದ ಬಿಳಿ ಗರಿಯ ತುದಿ ಬೇಗ ಸವೆಯುತ್ತದೆ. ರೆಕ್ಕೆ ಸ್ವಲ್ಪ ಹರಿದಂತೆ ಕಂಡರೆ ಗಾಬರಿ ಬೇಡ, ಮುಂದಿನ ಸಲ ಹೊಸ ಗರಿ ಬರುತ್ತದೆ. ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದ್ದರೆ, ಹತ್ತಿರ ಹೋದರೂ ಹಾರದಿದ್ದರೆ ಆಗ ಮಾತ್ರ ಕಾಯಿಲೆ ಅಂತ ಅನುಮಾನಿಸಿ. ಅದು ಬಣ್ಣವಿರುವ ಗುಬ್ಬಚ್ಚಿಗೂ ಅಷ್ಟೇ ಅನ್ವಯ.

ಇದೇ ನೆಪದಲ್ಲಿ ಇನ್ನೊಂದು ವಿಷಯ. ಹಣೆ ಮಾತ್ರ ಹಳದಿಯಾದ ಸೂರಕ್ಕಿಯ ಫೋಟೊ ಕೂಡ ಕೆಲವರು ಕಳಿಸುತ್ತಾರೆ. ಹೂವಿನ ಪರಾಗ ಮೆತ್ತಿಕೊಂಡಿರುತ್ತದೆ, ಅಷ್ಟೇ. ಸ್ನಾನ ಮಾಡಿದರೆ ಹೋಗುತ್ತದೆ!